ದೋಣಿ ನೇರವಾಗಿ ಸಾಗಬೇಕಾದರೆ ಹುಟ್ಟು ಹೇಗೆ ಹಾಕಬೇಕು?

ಪ್ರಶ್ನೆ: ನಾನೂ ನನ್ನ ಗೆಳೆಯನೂ ಇಬ್ಬರು ಕೂರುವ 16 ಅಡಿ ಉದ್ದದ ಕೆನೂ ದೋಣಿಯಲ್ಲಿ, ನಿಂತ ನೀರಿನಲ್ಲಿ ಹುಟ್ಟು ಹಾಕುವುದನ್ನು ಕಲಿಯುತ್ತಿದ್ದೇವೆ. ಅವನು ಮುಂದೆ ಕುಳಿತು ಎಡಗಡೆ, ನಾನು ಹಿಂದೆ ಕುಳಿತು ಬಲಗಡೆ ಹುಟ್ಟು ಹಾಕುತ್ತೇವೆ. ಏನು ಮಾಡಿದರೂ ದೋಣಿ ಎಡಕ್ಕೇ ಹೊರಳುತ್ತದೆ. ಹುಟ್ಟನ್ನು ಹಿಂದೆ ಚುಕ್ಕಾಣಿಯಂತೆ ಹಿಡಿದರೆ ದಿಕ್ಕು ಸರಿಹೋಗುತ್ತದೆ, ಆದರೆ ವೇಗ ಸತ್ತುಹೋಗುತ್ತದೆ. ಎಳೆತದ ಕೊನೆಯಲ್ಲಿ ಅಲಗನ್ನು ಹೊರಕ್ಕೆ ಒತ್ತಿ ದಿಕ್ಕು ತಿದ್ದುವ ಜೆ ಸ್ಟ್ರೋಕ್ ಪ್ರಯತ್ನಿಸಿದೆ. ಮಣಿಕಟ್ಟು ನೋಯುತ್ತದೆ, ದೋಣಿ ಓಲಾಡುತ್ತದೆ, ದಿಕ್ಕು ಮಾತ್ರ ಸರಿಹೋಗುವುದಿಲ್ಲ. ತಪ್ಪು ಎಲ್ಲಿದೆ? ಒಬ್ಬನೇ ಹೋಗುವಾಗ ಮತ್ತು ಗಾಳಿ ಇರುವಾಗ ಏನು ಮಾಡಬೇಕು?

ಉತ್ತರ: ನಿಮ್ಮ ದೋಣಿಯಲ್ಲಿ ದೋಷವಿಲ್ಲ, ಮುಂದೆ ಕುಳಿತ ಗೆಳೆಯರಲ್ಲೂ ಇಲ್ಲ. ಹಿಂದಿನವರು ಬಲಗಡೆ ಹುಟ್ಟು ಹಾಕಿದರೆ ದೋಣಿ ಎಡಕ್ಕೆ ಹೊರಳುವುದು ಅದರ ಸಹಜ ಗುಣ. ನೀವು ಈಗ ಮಾಡುತ್ತಿರುವುದು ದೋಣಿ ತಿರುಗಿದ ಮೇಲೆ ಅದನ್ನು ಹಿಂದಕ್ಕೆ ತರುವ ಕೆಲಸ. ಮಾಡಬೇಕಾದದ್ದು ಅದು ತಿರುಗುವ ಮೊದಲೇ ಪ್ರತಿಯೊಂದು ಎಳೆತದ ಕೊನೆಯಲ್ಲಿ ಕಂಡೂ ಕಾಣದಷ್ಟು ತಿದ್ದುವ ಕೆಲಸ. ಅದಕ್ಕೂ ಮೊದಲು, ಆ ಎಳೆತವೇ ದೋಣಿಯನ್ನು ಆದಷ್ಟು ಕಡಿಮೆ ತಿರುಗಿಸುವಂತೆ ಮಾಡಿಕೊಳ್ಳುವ ಕೆಲಸ. ಬಹಳ ಮಂದಿ ಈ ಮೊದಲ ಹೆಜ್ಜೆಯನ್ನು ಬಿಟ್ಟು ನೇರವಾಗಿ ಜೆ ಸ್ಟ್ರೋಕಿಗೆ ಹಾರುತ್ತಾರೆ. ಕೆಟ್ಟ ಎಳೆತವನ್ನು ತಿದ್ದಲು ದೊಡ್ಡ ಜೆ ಬೇಕಾಗುತ್ತದೆ, ದೊಡ್ಡ ಜೆ ವೇಗವನ್ನು ತಿನ್ನುತ್ತದೆ, ವೇಗ ಕಳೆದ ದೋಣಿ ಮುಂದಿನ ಎಳೆತಕ್ಕೆ ಇನ್ನಷ್ಟು ತಿರುಗುತ್ತದೆ. ಕಲಿಸುವಾಗ ನಾನು ಮೊದಲ ಅರ್ಧ ಗಂಟೆ ಜೆ ಎಂಬ ಹೆಸರನ್ನೇ ಎತ್ತುವುದಿಲ್ಲ.

ದೋಣಿ ಏಕೆ ತಿರುಗುತ್ತದೆ ಎಂಬುದನ್ನು ಮೊದಲು ನೋಡೋಣ. ದೋಣಿಯ ಮೂತಿಯಿಂದ ಹಿಂತುದಿಯವರೆಗೆ ನಡುವೆ ಒಂದು ಗೆರೆ ಎಳೆದಂತೆ ಭಾವಿಸಿಕೊಳ್ಳಿ. ಹುಟ್ಟಿನ ಅಲಗು ಆ ಗೆರೆಯ ಮೇಲೆ ಎಂದೂ ಇರುವುದಿಲ್ಲ, ಒಂದು ಪಕ್ಕದಲ್ಲಿರುತ್ತದೆ. ಪಕ್ಕದಿಂದ ತಳ್ಳಿದ ಯಾವ ವಸ್ತುವಾದರೂ ಮುಂದೆ ಹೋಗುವುದರ ಜೊತೆಗೆ ಸುತ್ತುತ್ತದೆ, ಆದ್ದರಿಂದ ಹುಟ್ಟು ಹಾಕಿದ ಕಡೆಯಿಂದ ಮೂತಿ ಆಚೆಗೆ ಹೋಗುತ್ತದೆ. ಹಾಗಿದ್ದರೆ ಇಬ್ಬರು ಎರಡು ಕಡೆ ಸಮನಾಗಿ ಎಳೆದಾಗ ಒಬ್ಬರದು ಇನ್ನೊಬ್ಬರದನ್ನು ಕಳೆಯಬೇಕಲ್ಲವೇ ಎಂಬ ಪ್ರಶ್ನೆ ಬರುತ್ತದೆ. ನಿಂತ ದೋಣಿಯಲ್ಲಿ ಅದು ಬಹುಮಟ್ಟಿಗೆ ನಿಜ. ಆದರೆ ದೋಣಿ ಮುಂದಕ್ಕೆ ಚಲಿಸತೊಡಗಿದೊಡನೆ ಅದು ಸುತ್ತುವ ಬಿಂದು ನಡುವಿನಿಂದ ಮುಂದಕ್ಕೆ ಸರಿಯುತ್ತದೆ. ಮೂತಿ ಕದಡದ ನೀರನ್ನು ಸೀಳಿಕೊಂಡು ಹೋಗುವುದರಿಂದ ಎರಡೂ ಪಕ್ಕದ ಒತ್ತಡ ಅದನ್ನು ಹಿಡಿದಿಟ್ಟಿರುತ್ತದೆ. ಹಿಂತುದಿಯಾದರೋ ಕದಡಿದ ನೀರಿನಲ್ಲಿ ಸಡಿಲವಾಗಿ ತೇಲುತ್ತ ಅತ್ತಿತ್ತ ಜಾರುತ್ತದೆ. ಸುತ್ತುವ ಬಿಂದುವಿನಿಂದ ಹಿಂದಿನವರು ದೂರ, ಮುಂದಿನವರು ಹತ್ತಿರ. ಸನ್ನೆಕೋಲಿನ ಲೆಕ್ಕದಲ್ಲಿ ಹಿಂದಿನವರ ತೋಳು ಉದ್ದ, ಆದ್ದರಿಂದ ಅವರ ಎಳೆತ ಗೆಲ್ಲುತ್ತದೆ. ದೋಣಿಯನ್ನು ಕೆಡಿಸುವವರೂ ನೀವೇ, ಸರಿಪಡಿಸಬಲ್ಲವರೂ ನೀವೇ ಎಂದಾಯಿತು. ಚುಕ್ಕಾಣಿ ದೋಣಿಯ ಹಿಂದೆಯೇ ಇರುವುದಕ್ಕೂ ಇದೇ ಕಾರಣ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ನಿಮ್ಮ ಕಷ್ಟದ ಅರ್ಧ ಭಾಗ ಅದರಲ್ಲಿದೆ. ಸ್ವಲ್ಪ ಹೊರಳಿದ ದೋಣಿಯ ಒಡಲು ನೀರಿಗೆ ನೇರವಾಗಿರದೆ ಓರೆಯಾಗಿರುತ್ತದೆ. ಓರೆಯಾದ ಮೂತಿಯ ಪಕ್ಕಕ್ಕೆ ನೀರು ಬಡಿದು ಅದನ್ನು ಇನ್ನಷ್ಟು ಅದೇ ದಿಕ್ಕಿಗೆ ಒತ್ತುತ್ತದೆ. ಅಂದರೆ ತಿರುಗಲು ಆರಂಭಿಸಿದ ದೋಣಿಗೆ ತಾನಾಗಿಯೇ ತಿರುಗುತ್ತ ಹೋಗುವ ಒಲವಿರುತ್ತದೆ. ಎರಡು ಅಂಗುಲ ಹೊರಳಿದಾಗ ಬೆರಳಿನಲ್ಲಿ ತಡೆಯಬಹುದಾದದ್ದನ್ನು ಎರಡು ಅಡಿ ಹೊರಳಿದ ಮೇಲೆ ಇಡೀ ಮೈಯ ಬಲ ಹಾಕಿ ತಡೆಯಬೇಕಾಗುತ್ತದೆ. ನೀವು ಚುಕ್ಕಾಣಿ ಹಿಡಿಯುವುದು ಈ ಎರಡನೆಯ ಹಂತದಲ್ಲಿ. ಆ ವೇಳೆಗೆ ಬೇಕಾಗುವ ಬಲವೆಲ್ಲ ದೋಣಿಗೆ ಬ್ರೇಕ್ ಹಾಕಿದಂತೆ ಕೆಲಸ ಮಾಡುತ್ತದೆ.

ಈಗ ಎಳೆತಕ್ಕೆ ಬರೋಣ. ಒಳ್ಳೆಯ ಎಳೆತದ ಗುರುತು ಎಂದರೆ ಹುಟ್ಟಿನ ಕೋಲು ಮುಂದಿನಿಂದ ನೋಡಿದಾಗ ನೆಟ್ಟಗೆ ಕಾಣುವುದು. ಮೇಲಿನ ಹಿಡಿಯನ್ನು ಹಿಡಿದ ನಿಮ್ಮ ಎಡಗೈ ದೋಣಿಯ ಬಲ ಅಂಚನ್ನು ದಾಟಿ ನೀರಿನ ಮೇಲೆ ಬರಬೇಕು, ಕೋಲನ್ನು ಹಿಡಿದ ಬಲಗೈಗೆ ನೇರ ಮೇಲೆ ನಿಲ್ಲಬೇಕು. ಕಲಿಯುವವರಲ್ಲಿ ಹತ್ತಕ್ಕೆ ಎಂಟು ಮಂದಿ ಮೇಲಿನ ಕೈಯನ್ನು ಎದೆಯ ಮುಂದೆಯೇ ಇಟ್ಟುಕೊಳ್ಳುತ್ತಾರೆ ಎಂಬುದು ನನ್ನ ಅಂದಾಜು. ಹಾಗೆ ಮಾಡಿದಾಗ ಕೋಲು ಓರೆಯಾಗುತ್ತದೆ, ಅಲಗು ದೋಣಿಯಿಂದ ದೂರ ಹೋಗುತ್ತದೆ, ನಡುಗೆರೆಯಿಂದ ದೂರವಾದಷ್ಟೂ ಅದು ದೋಣಿಯನ್ನು ಹೆಚ್ಚು ಸುತ್ತಿಸುತ್ತದೆ. ಕೋಲನ್ನು ನೆಟ್ಟಗೆ ಮಾಡಿಕೊಳ್ಳುವುದೊಂದರಿಂದಲೇ ನಿಮ್ಮ ದೋಣಿಯ ಹೊರಳಾಟ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ.

ಎರಡನೆಯದು ಅಲಗಿನ ದಾರಿ. ದೋಣಿಯ ಅಂಚು ಹಿಂದಕ್ಕೆ ಹೋಗುತ್ತ ಒಳಗೆ ಬಾಗುತ್ತದೆ; ಕೈ ಅರಿಯದಂತೆ ಆ ಬಾಗನ್ನೇ ಹಿಂಬಾಲಿಸುತ್ತದೆ. ಆಗ ಅಲಗು ಕೊನೆಯಲ್ಲಿ ಹಿಂತುದಿಯ ಕಡೆಗೆ ಬರುತ್ತ, ಹಿಂತುದಿಯನ್ನು ಬಲಕ್ಕೆ ಸೆಳೆಯುತ್ತದೆ, ಮೂತಿ ಎಡಕ್ಕೆ ಓಡುತ್ತದೆ. ಅಲಗು ಅಂಚಿನ ಬಾಗಿಗಲ್ಲ, ನಡುಗೆರೆಗೆ ಸಮಾನಾಂತರವಾಗಿ ಹಿಂದಕ್ಕೆ ಬರಬೇಕು.

ಮೂರನೆಯದು ಎಳೆತ ಎಲ್ಲಿ ಮುಗಿಯಬೇಕು ಎಂಬುದು. ಸೊಂಟದ ಹತ್ತಿರ ಮುಗಿಯಬೇಕು. ಸೊಂಟ ದಾಟಿದ ಮೇಲೆ ಅಲಗು ಹಿಂದಕ್ಕೆ ವಾಲಿ ನೀರನ್ನು ಹಿಂದೆ ತಳ್ಳುವ ಬದಲು ಮೇಲಕ್ಕೆ ಎತ್ತುತ್ತದೆ. ನೀರನ್ನು ಮೇಲೆತ್ತಿದರೆ ದೋಣಿಯ ಹಿಂಬದಿ ಕೆಳಕ್ಕೆ ಕುಸಿಯುತ್ತದೆ. ನೀವು ಹೇಳಿದ ಓಲಾಟಕ್ಕೆ ಇದು ಒಂದು ಕಾರಣವಿರಬಹುದು. ಮುಂದೆ ಚಾಚಿ, ಅಲಗು ಪೂರ್ತಿ ಮುಳುಗಿದ ಮೇಲಷ್ಟೇ ಬಲ ಹಾಕಿ, ಸೊಂಟದ ಬಳಿ ಬಿಟ್ಟುಬಿಡಿ. ಬಲವನ್ನು ತೋಳಿನಿಂದಲ್ಲ, ನಡುವನ್ನು ತಿರುಗಿಸಿ ಪಡೆಯಿರಿ: ಚಾಚುವಾಗ ಬಲ ಭುಜ ಮುಂದೆ ಹೋಗಬೇಕು, ಎಳೆಯುವಾಗ ಇಡೀ ಮುಂಡ ತಿರುಗಿ ಹಿಂದೆ ಬರಬೇಕು. ಹುಟ್ಟಿನ ಉದ್ದವನ್ನೂ ಒಮ್ಮೆ ನೋಡಿಕೊಳ್ಳಿ. ನೇರ ಕೋಲಿನ ಹುಟ್ಟಾದರೆ, ನೀವು ಕುಳಿತಾಗ ಆಸನದಿಂದ ನಿಮ್ಮ ಗದ್ದ ಇಲ್ಲವೇ ಮೂಗಿನವರೆಗಿನ ಎತ್ತರವೆಷ್ಟೋ ಅಲಗನ್ನು ಬಿಟ್ಟು ಕೋಲಿನ ಉದ್ದ ಸುಮಾರಾಗಿ ಅಷ್ಟಿರಬೇಕು. ಅದಕ್ಕಿಂತ ಬಹಳ ಉದ್ದವಾದ ಹುಟ್ಟನ್ನು ನೆಟ್ಟಗೆ ಹಿಡಿಯಲು ಯಾರಿಗೂ ಆಗದು. ಅದು ತಾನಾಗಿಯೇ ಓರೆಯಾಗಿ ದೂರ ಹೋಗುತ್ತದೆ.

ಇಷ್ಟಾದ ಮೇಲೆ ಉಳಿಯುವ ಅಲ್ಪ ಹೊರಳುವಿಕೆಯನ್ನು ಕಳೆಯಲು ಜೆ ಸ್ಟ್ರೋಕ್ ಬೇಕು. ಎಡಗಡೆ ಹುಟ್ಟು ಹಾಕುವವರ ಅಲಗು ನೀರಿನಲ್ಲಿ ಸಾಗುವ ದಾರಿ ಮೇಲಿನಿಂದ ನೋಡಿದರೆ ಇಂಗ್ಲಿಷಿನ ಜೆ ಅಕ್ಷರದಂತೆ ಕಾಣುತ್ತದೆ; ನೇರ ಹಿಂದಕ್ಕೆ ಬಂದು ಕೊನೆಯಲ್ಲಿ ಹೊರಕ್ಕೆ ಕೊಂಕುತ್ತದೆ. ಬಲಗಡೆ ಹಾಕುವ ನಿಮಗೆ ಅದು ಕನ್ನಡಿಯಲ್ಲಿ ಕಂಡ ಜೆ. ಆದರೆ ಈ ಹೆಸರೇ ಅರ್ಧ ದಾರಿ ತಪ್ಪಿಸುತ್ತದೆ. ಅಕ್ಷರದ ಕೊಕ್ಕೆಯನ್ನು ನೀರಿನಲ್ಲಿ ಬರೆಯಬೇಕೆಂದು ಹೊರಟವರು ಹುಟ್ಟನ್ನು ದೊಡ್ಡದಾಗಿ ಹೊರಕ್ಕೆ ಬೀಸುತ್ತಾರೆ. ನಿಜವಾದ ಜೆಯಲ್ಲಿ ಮುಖ್ಯವಾದದ್ದು ಅಲಗು ಎಲ್ಲಿಗೆ ಹೋಯಿತೆಂಬುದಲ್ಲ, ಯಾವ ಕಡೆಗೆ ಮುಖಮಾಡಿತು ಎಂಬುದು.

ಅಲಗಿಗೆ ಎರಡು ಪಕ್ಕಗಳಿವೆ. ಮುಂದಕ್ಕೆ ಸಾಗುವಾಗ ನೀರನ್ನು ಹಿಂದೆ ನೂಕುವ ಪಕ್ಕವನ್ನು ಮುಖ ಎನ್ನೋಣ, ಇನ್ನೊಂದನ್ನು ಬೆನ್ನು ಎನ್ನೋಣ. ಎಳೆತ ನಡೆಯುತ್ತಿರುವಾಗ ಮುಖ ಹಿಂದಕ್ಕೆ ನೋಡುತ್ತಿರುತ್ತದೆ. ಅಲಗು ಸೊಂಟದ ಬಳಿ ಬರುತ್ತಿದ್ದಂತೆ ಮೇಲಿನ ಕೈಯ ಹೆಬ್ಬೆರಳನ್ನು ಮುಂದಕ್ಕೂ ಕೆಳಕ್ಕೂ ತಿರುಗಿಸಿ. ಕೋಲು ತಿರುಗುತ್ತದೆ, ಹಿಂದೆ ನೋಡುತ್ತಿದ್ದ ಮುಖ ದೋಣಿಯಿಂದ ಹೊರಕ್ಕೆ ನೋಡತೊಡಗುತ್ತದೆ. ಈಗ ಅಲಗನ್ನು ಹೊರಕ್ಕೆ ಸ್ವಲ್ಪ ಒತ್ತಿ. ನೀರು ಹಿಂತುದಿಯನ್ನು ಎಡಕ್ಕೆ ತಳ್ಳುತ್ತದೆ, ಮೂತಿ ಬಲಕ್ಕೆ ಬಂದು ನೇರವಾಗುತ್ತದೆ. ಎಳೆದದ್ದೂ ಹೊರಕ್ಕೆ ಒತ್ತಿದ್ದೂ ಒಂದೇ ಮುಖ ಎಂಬುದನ್ನು ಗಮನಿಸಿ. ಎರಡರ ನಡುವೆ ಬಿಡುವಿಲ್ಲ; ಎಳೆತವೇ ಹರಿದು ತಿದ್ದುವಿಕೆಯಾಗುತ್ತದೆ.

ನಿಮ್ಮ ಮಣಿಕಟ್ಟು ನೋಯುವುದಕ್ಕೆ ಕಾರಣವನ್ನು ಕಾಣದೆಯೇ ಹೇಳಬೇಕಾದ್ದರಿಂದ ಎರಡು ಸಾಧ್ಯತೆಗಳನ್ನು ಮುಂದಿಡುತ್ತೇನೆ. ಮೊದಲನೆಯದು, ನೀವು ಕೆಳಗಿನ ಕೈಯಿಂದಲೂ ಕೋಲನ್ನು ಬಿಗಿಯಾಗಿ ಹಿಡಿದು ತಿರುಗಿಸಲು ನೋಡುತ್ತಿರಬಹುದು. ಕೆಳಗಿನ ಕೈ ಕೋಲು ಹೊರಳಲು ಬಿಡುವ ಸಡಿಲ ಉಂಗುರದಂತಿರಬೇಕು. ತಿರುಗಿಸುವುದು ಮೇಲಿನ ಕೈ ಮಾತ್ರ. ಎರಡೂ ಕೈ ಬಿಗಿದಾಗ ಒಂದರ ತಿರುವನ್ನು ಇನ್ನೊಂದು ತಡೆಯುತ್ತದೆ, ಆ ಜಗಳದ ಪೆಟ್ಟು ಬೀಳುವುದು ಮಣಿಕಟ್ಟಿನ ಮೇಲೆ. ಎರಡನೆಯದು, ತಡವಾಗಿ ಆರಂಭಿಸುತ್ತಿರಬಹುದು. ಅಲಗು ಬಹಳ ಹಿಂದೆ ಹೋದ ಮೇಲೆ ಹೆಬ್ಬೆರಳನ್ನು ಕೆಳಗಿಳಿಸಲು ಹೋದರೆ ಮೇಲಿನ ಕೈ ಎದೆಗೆ ಅಡ್ಡ ಸಿಕ್ಕಿಕೊಂಡು ಮಣಿಕಟ್ಟು ಅಸಹಜವಾಗಿ ಮಡಚುತ್ತದೆ. ತೊಡೆಯ ಬಳಿಯೇ ತಿರುವನ್ನು ಆರಂಭಿಸಿ; ಮಣಿಕಟ್ಟಿನ ಜೊತೆಗೆ ಮೊಣಕೈ ಮೇಲೇಳಲು ಬಿಡಿ, ಆಗ ತಿರುವು ಇಡೀ ತೋಳಿಗೆ ಹಂಚಿಹೋಗುತ್ತದೆ. ದೂರ ಹೋಗುವವರು ಕೋಲನ್ನು ಹೊರಕ್ಕೆ ಒತ್ತುವಾಗ ಕ್ಷಣಮಾತ್ರ ದೋಣಿಯ ಅಂಚಿಗೆ ತಾಗಿಸಿ ಅದನ್ನೇ ಆಧಾರ ಮಾಡಿಕೊಳ್ಳುವುದುಂಟು. ಕೆಲವರಿಗೆ ಇದು ಅಪಚಾರವೆನಿಸುತ್ತದೆ. ಕೋಲಿನ ಮೆರುಗು ಸವೆಯುತ್ತದೆ ಎಂಬುದನ್ನು ಬಿಟ್ಟರೆ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ.

ಇನ್ನು ಹೆಬ್ಬೆರಳು ಕೆಳಗಿಳಿಯುವ ಬದಲು ಮೇಲಕ್ಕೆ ತಿರುಗಿದ್ದರೆ ನೀವು ಮಾಡಿದ್ದು ಜೆ ಅಲ್ಲ, ಅಲಗಿನ ಬೆನ್ನಿನಿಂದ ನೀರನ್ನು ಹೊರಕ್ಕೆ ಮೀಟುವ ಇನ್ನೊಂದು ಕ್ರಮ. ಕಲಿಯುವವರಿಗೆಲ್ಲ ಇದೇ ಮೊದಲು ಬರುತ್ತದೆ, ಏಕೆಂದರೆ ಕೈಗೆ ಅದು ಸಹಜ. ಅದರ ಬಲ ಹೆಚ್ಚು, ಮಣಿಕಟ್ಟಿಗೆ ಸುಖ, ರಭಸದ ಹೊಳೆಯಲ್ಲಿ ನುರಿತವರೂ ಅದನ್ನೇ ನೆಚ್ಚುತ್ತಾರೆ. ನಿಂತ ನೀರಿನಲ್ಲಿ ಮಾತ್ರ ಅದು ದುಬಾರಿ: ಎಳೆತಕ್ಕೂ ಮೀಟುವಿಕೆಗೂ ನಡುವೆ ಅಲಗು ಮಗುಚಬೇಕು, ಆ ಬಿಡುವಿನಲ್ಲಿ ಮುಂದಿನವರ ಲಯ ತಪ್ಪುತ್ತದೆ, ಅಲಗು ನೀರಿಗೆ ಅಡ್ಡನಿಂತು ದೋಣಿಯನ್ನು ಹಿಡಿದೆಳೆಯುತ್ತದೆ. ಹತ್ತಾರು ಎಳೆತಗಳಿಗೊಮ್ಮೆ ದೊಡ್ಡ ತಿದ್ದುಪಡಿ ಬೇಕಾದಾಗ ಅದನ್ನು ಬಳಸಿ, ದಿನವಿಡೀ ಅದನ್ನೇ ನಂಬಬೇಡಿ. ಹುಟ್ಟನ್ನು ಹಿಂದೆ ಅಲುಗಾಡದಂತೆ ಹಿಡಿದು ಚುಕ್ಕಾಣಿ ಮಾಡುವುದಂತೂ ದೋಣಿಗೆ ಈಗಾಗಲೇ ಸಾಕಷ್ಟು ವೇಗವಿದ್ದು, ಇಕ್ಕಟ್ಟಾದ ಜಾಗದಲ್ಲಿ ನುಸುಳುವಾಗ ಮಾತ್ರ ಯೋಗ್ಯ. ವೇಗವಿಲ್ಲದ ದೋಣಿಗೆ ಚುಕ್ಕಾಣಿ ನಾಟುವುದಿಲ್ಲ.

ಜೆ ಕೈಗೆ ಹತ್ತಿದ ಮೇಲೆ ಅದನ್ನು ಸಣ್ಣದು ಮಾಡುತ್ತ ಹೋಗುವುದೇ ಮುಂದಿನ ಕಲಿಕೆ. ಅಲಗನ್ನು ಕೊನೆಯಲ್ಲಿ ಒಮ್ಮೆಲೇ ತಿರುಗಿಸದೆ, ಎಳೆತದ ನಡುವಿನಿಂದಲೇ ನಿಧಾನವಾಗಿ ತಿರುಗಿಸುತ್ತ ಬಂದರೆ ಸೊಂಟ ತಲುಪುವ ವೇಳೆಗೆ ತಿದ್ದುವ ಕೆಲಸ ಬಹುಪಾಲು ಮುಗಿದಿರುತ್ತದೆ. ಇದಕ್ಕೆ ಪಿಚ್ ಸ್ಟ್ರೋಕ್ ಎಂದು ಹೆಸರು. ಇನ್ನೊಂದು ಕ್ರಮದಲ್ಲಿ, ಜೆ ಮುಗಿದೊಡನೆ ಅಲಗನ್ನು ನೀರಿನಿಂದ ಎತ್ತದೆ, ಹೆಬ್ಬೆರಳು ಕೆಳಗಿರುವಂತೆಯೇ ನೀರಿನೊಳಗೆ ಚಾಕುವಿನಂತೆ ಸೀಳುತ್ತ ಮುಂದಕ್ಕೆ ತರುತ್ತಾರೆ, ತರುವಾಗ ಅಲಗನ್ನು ತುಸು ಓರೆ ಹಿಡಿದು ಹೊರಗಿನ ಒತ್ತಡವನ್ನು ಉಳಿಸಿಕೊಳ್ಳುತ್ತಾರೆ. ಇದು ಕೆನೇಡಿಯನ್ ಸ್ಟ್ರೋಕ್. ದಿಕ್ಕು ತಿದ್ದುವ ಕೆಲಸ ಎಳೆತದ ಸಮಯವನ್ನು ಕದಿಯದೆ ಹಿಂದಿರುಗುವ ದಾರಿಯಲ್ಲಿ ನಡೆಯುವುದರಿಂದ, ನಿಂತ ನೀರಿನಲ್ಲಿ ಒಬ್ಬರೇ ದೂರ ಸಾಗಲು ಇದಕ್ಕಿಂತ ಹಿತವಾದದ್ದು ನನಗೆ ಗೊತ್ತಿಲ್ಲ. ಅಲಗು ನೀರಿನಿಂದ ಹೊರಬರದೆಯೇ, ಮೇಲಿನ ಹಿಡಿ ಅಂಗೈಯೊಳಗೆ ಹೊರಳುತ್ತ, ಒಮ್ಮೆ ಮುಖ ಮತ್ತೊಮ್ಮೆ ಬೆನ್ನು ಎಳೆಯುವಂತೆ ಮಾಡುವ ಇಂಡಿಯನ್ ಸ್ಟ್ರೋಕ್ ಎಂಬುದೂ ಇದೆ. ಹೆಸರು ಉತ್ತರ ಅಮೆರಿಕದ ಮೂಲನಿವಾಸಿಗಳನ್ನು ಕುರಿತದ್ದು, ನಮ್ಮ ದೇಶವನ್ನಲ್ಲ. ಹನಿ ಬೀಳುವ ಸದ್ದೂ ಆಗದ ಈ ಎಳೆತ ಹಕ್ಕಿಗಳ ಬಳಿ ಸಾರುವವರಿಗೆ ಬಹಳ ಇಷ್ಟ.

ಪ್ರತಿ ಎಳೆತದಲ್ಲೂ ತಿದ್ದಿದರೆ ವೇಗ ಬರುವುದು ಹೇಗೆ ಎಂಬ ಸಂಶಯ ನಿಮಗಿದ್ದರೆ ಒಲಿಂಪಿಕ್ಸ್‌ನ ಕೆನೂ ಸ್ಪರ್ಧೆಗಳನ್ನು ನೋಡಿ. 1936ರ ಬರ್ಲಿನ್ ಕ್ರೀಡಾಕೂಟದಿಂದ ಈ ಓಟಗಳು ನಡೆಯುತ್ತಿವೆ. ಮಹಿಳೆಯರ ಒಬ್ಬರ ಕೆನೂ ಸ್ಪರ್ಧೆ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಮೊದಲ ಬಾರಿಗೆ ಸೇರಿತು. ಈ ಓಟಗಳಲ್ಲಿ, ಎರಡೂ ತುದಿಗಳಲ್ಲಿ ಅಲಗಿರುವ ಹುಟ್ಟಿನಿಂದ ನಡೆಸುವ ಕಯಾಕ್ ದೋಣಿಗೆ ಚುಕ್ಕಾಣಿ ಇರುತ್ತದೆ, ಕೆನೂವಿಗೆ ಇರುವುದಿಲ್ಲ. ಒಂದು ಮೊಣಕಾಲೂರಿ, 1000 ಮೀಟರ್ ಉದ್ದಕ್ಕೂ ಒಂದೇ ಕಡೆ ಹುಟ್ಟು ಹಾಕುತ್ತ, ಕೂದಲೆಳೆಯಷ್ಟೂ ಅಲುಗದಂತೆ ತಮ್ಮ ಸಾಲಿನಲ್ಲಿಯೇ ಸಾಗುವ ಸ್ಪರ್ಧಿಗಳು ಪ್ರತಿ ಎಳೆತದ ಬಾಲದಲ್ಲಿ ಮಾಡುವ ತಿರುವನ್ನು ನಿಧಾನಗತಿಯ ದೃಶ್ಯದಲ್ಲಿ ನೋಡಿದರೆ, ಜೆ ಎಷ್ಟು ಚಿಕ್ಕದಾಗಿರಬಲ್ಲದು ಎಂಬುದು ತಿಳಿಯುತ್ತದೆ.

ಜೆಯನ್ನೇ ಬೇಡವೆನ್ನುವ ಪಂಥವೂ ಇದೆ. ಉತ್ತರ ಅಮೆರಿಕದ ದೂರದೋಟದ ಸ್ಪರ್ಧಿಗಳು 6ರಿಂದ 10 ಎಳೆತಗಳಿಗೊಮ್ಮೆ, ಹಿಂದಿನವರು ‘ಹಟ್’ ಎಂದು ಕೂಗಿದೊಡನೆ, ಇಬ್ಬರೂ ಒಟ್ಟಿಗೆ ಹುಟ್ಟನ್ನು ಇನ್ನೊಂದು ಕಡೆಗೆ ಬದಲಿಸುತ್ತಾರೆ. ದೋಣಿ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಹೊರಳುತ್ತ ಒಟ್ಟಾರೆ ನೇರವಾಗಿ ಹೋಗುತ್ತದೆ. ಇದಕ್ಕೆ ಜೊತೆಯಾಗಿ ಬಂದದ್ದು ಕೋಲಿಗೂ ಅಲಗಿಗೂ ನಡುವೆ 10ರಿಂದ 14 ಡಿಗ್ರಿ ಬಾಗಿರುವ ಹುಟ್ಟು. ಅಮೆರಿಕದ ಮಿನ್ನೆಸೋಟದ ದೋಣಿ ವಿನ್ಯಾಸಕಾರ ಜೀನ್ ಜೆನ್ಸನ್ 1970ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಬಾಗಿನಿಂದಾಗಿ ಅಲಗು ಎಳೆತದ ಕೊನೆಯವರೆಗೂ ನೆಟ್ಟಗಿದ್ದು ನೀರನ್ನು ಮೇಲೆತ್ತುವುದಿಲ್ಲ. ಉದ್ದವಾದ, ನೇರವಾಗಿ ಓಡುವ ದೋಣಿಯಲ್ಲಿ, ಬಿರುಸಿನ ಲಯದಲ್ಲಿ ಇದು ಜೆಗಿಂತ ವೇಗದ ದಾರಿ ಎಂಬುದನ್ನು ಒಪ್ಪಲೇಬೇಕು. ಆದರೆ ಕಲಿಯುವವರು ದೋಣಿ ಹೊರಳಿದಾಗಲೆಲ್ಲ ಕಂಗಾಲಾಗಿ ಪಕ್ಕ ಬದಲಿಸುವುದು ಬೇರೆ, ಎಣಿಸಿ ಬದಲಿಸುವುದು ಬೇರೆ. ಮೊದಲಿನದರಲ್ಲಿ ನೀವು ದೋಣಿಯ ಹಿಂದೆ ಓಡುತ್ತಿರುತ್ತೀರಿ, ನಡುವೆ ಮೈಮೇಲೆ ನೀರು ಸುರಿದುಕೊಳ್ಳುತ್ತೀರಿ. ಜೆ ಬಂದ ಮೇಲೆ ಆಯಾಸ ಕಳೆಯಲು ಪಕ್ಕ ಬದಲಿಸುವುದನ್ನು ಸೇರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಮುಂದೆ ಕುಳಿತ ಗೆಳೆಯರ ಪಾಲು ಏನು? ಲಯ ಅವರದು, ದಿಕ್ಕು ನಿಮ್ಮದು. ಅವರು ಒಂದೇ ಬಗೆಯ ಬಲದಲ್ಲಿ, ಒಂದೇ ಲಯದಲ್ಲಿ ಎಳೆಯುತ್ತ ಹೋಗಬೇಕು. ದೋಣಿ ಹೊರಳಿತೆಂದು ತಾವೂ ತಿದ್ದಲು ಹೊರಟರೆ ನಿಮ್ಮ ತಿದ್ದುಪಡಿಗೆ ಅವರ ತಿದ್ದುಪಡಿ ಸೇರಿ ದೋಣಿ ಇನ್ನೊಂದು ಕಡೆಗೆ ಹೋಗುತ್ತದೆ. ಇಬ್ಬರಲ್ಲಿ ಹೆಚ್ಚು ಬಲವಿರುವವರು ಮುಂದೆ ಕುಳಿತರೆ ಹಿಂದಿನವರ ತಿದ್ದುವ ಕೆಲಸ ಕಡಿಮೆಯಾಗುತ್ತದೆ. ಬಲಶಾಲಿಯೇ ಹಿಂದೆ ಕೂರಬೇಕೆಂಬ ರೂಢಿ ಹೇಗೆ ಬಂತೋ ತಿಳಿಯದು. ಹಿಂದೆ ಬೇಕಾದದ್ದು ತೋಳ್ಬಲಕ್ಕಿಂತ ತಾಳ್ಮೆ. ಆದರೆ ಎದುರಿನ ಬಂಡೆ ಮೊದಲು ಕಾಣುವುದು ಮುಂದಿನವರಿಗೆ. ಆಗ ಅವರು ಹುಟ್ಟನ್ನು ಪಕ್ಕದಲ್ಲಿ ದೂರ ಊರಿ ತಮ್ಮ ಕಡೆಗೆ ಎಳೆಯುವ ಡ್ರಾ, ಅಥವಾ ಅಂಚಿಗೆ ಕೋಲನ್ನು ತಾಗಿಸಿ ನೀರನ್ನು ಹೊರಕ್ಕೆ ಮೀಟುವ ಪ್ರೈ, ಇವೆರಡರಿಂದ ಮೂತಿಯನ್ನು ಪಕ್ಕಕ್ಕೆ ಸರಿಸುತ್ತಾರೆ. ಪ್ರೈ ಆಳವಿಲ್ಲದ ಜಾಗದಲ್ಲಿ ಅಪಾಯ: ಅಲಗು ನೆಲಕ್ಕೆ ಸಿಕ್ಕಿಕೊಂಡರೆ ದೋಣಿ ಅದರ ಮೇಲೆಯೇ ಮಗುಚಬಹುದು.

ಬೇಕೆಂದೇ ತಿರುಗಿಸುವಾಗ ಬಳಸುವ ಸ್ವೀಪ್‌ನಲ್ಲಿ ಒಂದು ತಪ್ಪು ಎಲ್ಲೆಡೆ ಕಾಣುತ್ತದೆ. ಹುಟ್ಟನ್ನು ಮಲಗಿಸಿದಂತೆ ಹಿಡಿದು ದೊಡ್ಡ ಕಮಾನಿನಲ್ಲಿ ಬೀಸುವುದು ಸ್ವೀಪ್. ಒಬ್ಬರೇ ನಡುವೆ ಕುಳಿತಿದ್ದರೆ ಮೂತಿಯಿಂದ ಹಿಂತುದಿಯವರೆಗೆ ಪೂರ್ತಿ ಅರ್ಧವೃತ್ತ ಬೀಸಬಹುದು. ಇಬ್ಬರಿರುವಾಗ ಮುಂದಿನವರು ಮೂತಿಯ ಬಳಿಯಿಂದ ತಮ್ಮ ಸೊಂಟದವರೆಗೆ, ಹಿಂದಿನವರು ತಮ್ಮ ಸೊಂಟದಿಂದ ಹಿಂತುದಿಯವರೆಗೆ, ಹೀಗೆ ಕಾಲು ವೃತ್ತ ಮಾತ್ರ ಬೀಸಬೇಕು. ಉಳಿದ ಕಾಲು ವೃತ್ತ ದೋಣಿಯನ್ನು ವಿರುದ್ಧ ದಿಕ್ಕಿಗೆ ತಳ್ಳಿ ಮಾಡಿದ್ದನ್ನೇ ಅಳಿಸುತ್ತದೆ.

ಒಬ್ಬರೇ ಹೋಗುವ ಪ್ರಶ್ನೆಗೆ ಬಂದರೆ, ಮೊದಲು ಕೂರುವ ಜಾಗ ಬದಲಿಸಿ. ಹಿಂದಿನ ಆಸನದಲ್ಲಿ ಒಬ್ಬರೇ ಕುಳಿತರೆ ಮೂತಿ ಗಾಳಿಯಲ್ಲಿ ಎದ್ದು ನಿಲ್ಲುತ್ತದೆ, ನೀರಿನ ಹಿಡಿತ ತಪ್ಪಿದ ಆ ಮೂತಿಯನ್ನು ಸಣ್ಣ ಗಾಳಿಯೂ ಸುತ್ತಿಸುತ್ತದೆ. ದೋಣಿಯ ಎರಡು ತುದಿಗಳು ಒಂದೇ ಆಕಾರದವಾಗಿದ್ದರೆ ಮುಂದಿನ ಆಸನದಲ್ಲಿ ಹಿಂದುಮುಂದಾಗಿ, ಅಂದರೆ ಹಿಂತುದಿಯ ಕಡೆಗೆ ಮುಖ ಮಾಡಿ ಕುಳಿತು ಅದನ್ನೇ ಮೂತಿಯಾಗಿಸಿಕೊಳ್ಳಿ. ಮುಂದಿನ ಆಸನ ನಡುವಿಗೆ ಹತ್ತಿರವಿರುವುದರಿಂದ ಭಾರ ಸಮನಾಗುತ್ತದೆ. ಇನ್ನೂ ಒಳ್ಳೆಯದು ನಡುವಿಗಿಂತ ಸ್ವಲ್ಪ ಹಿಂದೆ ಮೊಣಕಾಲೂರಿ, ಎರಡೂ ಮೊಣಕಾಲುಗಳನ್ನು ಹುಟ್ಟು ಹಾಕುವ ಕಡೆಗೆ ಸರಿಸಿ, ದೋಣಿ ಆ ಕಡೆಗೆ ತುಸು ವಾಲಲು ಬಿಡುವುದು. ಆಗ ಕೋಲು ನೆಟ್ಟಗೆ ನಿಲ್ಲುತ್ತದೆ, ಅಲಗು ನಡುಗೆರೆಗೆ ಹತ್ತಿರ ಬರುತ್ತದೆ. ದೋಣಿ ವಾಲಿದರೂ ನಿಮ್ಮ ತಲೆ ಅಂಚಿನ ಹೊರಗೆ ಹೋಗಬಾರದು, ಮೈಮೇಲೆ ಜೀವರಕ್ಷಕ ಜಾಕೆಟ್ ಇರಲೇಬೇಕು. ನಿಂತಲ್ಲಿಂದ ಹೊರಡುವಾಗ ಸಿ ಸ್ಟ್ರೋಕ್ ಬಳಸಿ: ಅಲಗನ್ನು ಮುಂದೆ, ದೋಣಿಯಿಂದ ಸ್ವಲ್ಪ ದೂರ ಊರಿ ಮೊದಲು ಒಳಕ್ಕೆ ಸೆಳೆಯಿರಿ, ಬಳಿಕ ಒಡಲಿನ ಕೆಳಗೆ ನುಸುಳುವಂತೆ ಹಿಂದೆ ತನ್ನಿ, ಕೊನೆಯಲ್ಲಿ ಜೆಯಂತೆ ಹೊರಕ್ಕೆ ಒತ್ತಿ. ವೇಗ ಬಂದ ಮೇಲೆ ಮೊದಲಿನ ಸೆಳೆತ ಬೇಕಾಗುವುದಿಲ್ಲ.

ಗಾಳಿಯ ವಿಷಯದಲ್ಲಿ ಹುಟ್ಟಿಗಿಂತ ಭಾರದ ಹಂಚಿಕೆ ಮುಖ್ಯ. ಭಾರವಿರುವ ತುದಿ ನೀರನ್ನು ಹಿಡಿಯುತ್ತದೆ, ಹಗುರವಾದ ತುದಿ ಗಾಳಿಗೆ ಸಿಕ್ಕಿ ಪತಾಕೆಯಂತೆ ಹಾರುತ್ತದೆ. ಎದುರು ಗಾಳಿಯಲ್ಲಿ ಸಾಮಾನನ್ನೋ ಮೈಯನ್ನೋ ಸ್ವಲ್ಪ ಮುಂದಕ್ಕೆ ಸರಿಸಿ, ಬೆನ್ನ ಗಾಳಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿಸಿ. ಅಡ್ಡ ಗಾಳಿಯಲ್ಲಿ, ಭಾರ ಸಮನಾಗಿರುವ ಚಲಿಸುವ ದೋಣಿಯ ಮೂತಿ ಸಾಮಾನ್ಯವಾಗಿ ಗಾಳಿ ಬರುವ ಕಡೆಗೆ ತಿರುಗಲು ನೋಡುತ್ತದೆ. ಮೂತಿ ಹಿಡಿತದಲ್ಲಿದ್ದು ಹಿಂತುದಿ ಸಡಿಲವಾಗಿರುವುದೇ ಇದಕ್ಕೂ ಕಾರಣ. ಇಲ್ಲಿ ಗಾಳಿಯೊಡನೆ ಹೋರಾಡುವ ಬದಲು ಅದನ್ನು ಕೆಲಸಕ್ಕೆ ಹಚ್ಚಬಹುದು. ಮೂತಿ ಯಾವ ಕಡೆಗೆ ಹೊರಳಲು ಹವಣಿಸುತ್ತದೋ ಹಿಂದಿನವರು ಅದೇ ಕಡೆ ಹುಟ್ಟು ಹಾಕಬೇಕು. ಮುಂದೆಳೆಯುವ ಎಳೆತವೇ ಮೂತಿಯನ್ನು ಆಚೆಗೆ ತಳ್ಳುತ್ತದೆ, ಗಾಳಿ ಈಚೆಗೆ ತರುತ್ತದೆ, ಎರಡೂ ಸಮನಾದರೆ ಜೆಯೇ ಬೇಡ. ಗಾಳಿ ಜೋರಾದಾಗ ಮೊಣಕಾಲೂರಿ ಕೂರುವುದನ್ನು ಮರೆಯಬೇಡಿ. ದಡದ ಮರೆಯಲ್ಲಿ ಸಾಗಲು ಸಾಧ್ಯವಿದ್ದರೆ ದಾರಿ ಸ್ವಲ್ಪ ದೂರವಾದರೂ ಅದನ್ನೇ ಹಿಡಿಯಿರಿ.

ಇನ್ನು ಅಭ್ಯಾಸ. ಗಾಳಿಯಿಲ್ಲದ ಹೊತ್ತಿನಲ್ಲಿ ಎದುರು ದಡದಲ್ಲಿ ಒಂದರ ಹಿಂದೆ ಒಂದು ನಿಂತ ಎರಡು ಗುರುತುಗಳನ್ನು ಆರಿಸಿಕೊಳ್ಳಿ: ಹತ್ತಿರದ್ದೊಂದು ಕಂಬ, ದೂರದ್ದೊಂದು ಮರ, ಹೀಗೆ. ಎರಡೂ ಒಂದೇ ಗೆರೆಯಲ್ಲಿ ಕಾಣುವಷ್ಟು ಕಾಲ ನೀವು ಗೆರೆಯ ಮೇಲಿದ್ದೀರಿ; ಹತ್ತಿರದ್ದು ಬಲಕ್ಕೆ ಸರಿದಂತೆ ಕಂಡರೆ ದೋಣಿ ಎಡಕ್ಕೆ ಬಂದಿದೆ. ಮೂತಿಯನ್ನು ನೋಡುತ್ತ ಹುಟ್ಟು ಹಾಕುವವರಿಗೆ ದೋಣಿ ಹೊರಳಿದ್ದು ತಡವಾಗಿ ತಿಳಿಯುತ್ತದೆ, ದೂರದ ಗುರುತಿನ ಮೇಲೆ ಕಣ್ಣಿಟ್ಟವರಿಗೆ ಬೇಗ ತಿಳಿಯುತ್ತದೆ. ಮೊದಲು ಗೆಳೆಯರು ಹುಟ್ಟನ್ನು ಮಡಿಲಲ್ಲಿಟ್ಟು ಸುಮ್ಮನಿರಲಿ. ನೀವೊಬ್ಬರೇ ಹಿಂದಿನಿಂದ, ಕೋಲು ನೆಟ್ಟಗಿರುವುದನ್ನು ಮಾತ್ರ ಗಮನಿಸುತ್ತ, ಏನೂ ತಿದ್ದದೆ ಹತ್ತು ಎಳೆತ ಹಾಕಿ, ದೋಣಿ ಎಷ್ಟು ತಿರುಗಿತೆಂದು ನೋಡಿ. ಬಳಿಕ ಮೇಲಿನ ಕೈಯನ್ನು ಎದೆಯ ಮುಂದೆ ಇಟ್ಟು, ಅಲಗು ಅಂಚಿನ ಬಾಗನ್ನು ಹಿಂಬಾಲಿಸಲು ಬಿಟ್ಟು ಮತ್ತೆ ಹತ್ತು ಹಾಕಿ. ಈ ಎರಡರ ನಡುವಿನ ಅಂತರವನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಕೋಲನ್ನು ನೆಟ್ಟಗೆ ಹಿಡಿಯಿರಿ ಎಂದು ಎರಡನೆಯ ಸಲ ಹೇಳಬೇಕಾಗಿ ಬಂದದ್ದು ನನಗೆ ನೆನಪಿಲ್ಲ. ಮೂರನೆಯ ಸುತ್ತಿನಲ್ಲಿ ಹೆಬ್ಬೆರಳನ್ನು ಕೆಳಗಿಳಿಸಿ, ಆದರೆ ಹೊರಕ್ಕೆ ಒತ್ತಬೇಡಿ. ಅಲಗು ಓರೆಯಾಗಿ ಹಿಂದೆ ಸಾಗುವುದರಿಂದಲೇ ದೋಣಿ ಎಷ್ಟು ತಿದ್ದಿಕೊಳ್ಳುತ್ತದೆ ಎಂದು ನೋಡಿ. ಒತ್ತುವುದನ್ನು ಅದು ಸಾಲದಾದಾಗ ಮಾತ್ರ ಸೇರಿಸಿ. ನಿಂತಲ್ಲಿಂದ ಹೊರಡುವ ಮೊದಲ ಮೂರು ನಾಲ್ಕು ಎಳೆತಗಳಲ್ಲಿ ದೋಣಿ ಅತಿ ಹೆಚ್ಚು ಹೊರಳುತ್ತದೆ, ಅಲ್ಲಿ ಬಲ ಹಾಕದೆ ಮೆಲ್ಲಗೆ ಹೊರಡಿ. ಈ ಸುತ್ತುಗಳೆಲ್ಲ ಒಂದು ಹದಕ್ಕೆ ಬಂದ ಮೇಲೆ ಗೆಳೆಯರು ಹುಟ್ಟು ಎತ್ತಿಕೊಳ್ಳಲಿ. ಅವರು ಎಡಗಡೆ ಸೇರಿಕೊಂಡೊಡನೆ ನಿಮ್ಮ ಜೆ ಇದ್ದಕ್ಕಿದ್ದಂತೆ ಹೆಚ್ಚಾಗಿ, ಮೂತಿ ಬಲಕ್ಕೆ ಹೋಗಲಾರಂಭಿಸುತ್ತದೆ. ಆಗ ಗಾಬರಿಯಾಗದೆ ಜೆಯನ್ನು ಅರ್ಧಕ್ಕೆ ಇಳಿಸಿ.